ಗಂಡು ಮೀನು ಮಾರಿದ ವರ್ಷ

ನಮ್ಮ ಮೀನು ಸಾಕಣೆಗೆ ನಲವತ್ತು ವರ್ಷ ತುಂಬಿತೆಂದು ಹೋದ ತಿಂಗಳು ಒಂದು ಪುಸ್ತಕ ತಂದರು. ಅರವತ್ತು ಪುಟ, ನುಣುಪು ಹಾಳೆ. ಯಜಮಾನರ ಚಿತ್ರ ಏಳು ಕಡೆ ಇದೆ. ಗೇಟಿನ ಚಿತ್ರವಿದೆ. ನಾನು ಮೂವತ್ತೊಂದು ವರ್ಷ ಓಡಿಸಿದ ಪಂಪಿನ ಚಿತ್ರವೂ ಇದೆ. ಮರಿ ಮಾಡಿಸುವ ಮೀಸೆಯಕ್ಕನದು ಮಾತ್ರ ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ. ಒಂದು ಪುಟದಲ್ಲಿ ಟ್ರೇ ಹಿಡಿದ ಎರಡು ಕೈಗಳಿವೆ, ಮೊಣಕೈಯಿಂದಾಚೆ ಕತ್ತರಿಸಿದ್ದಾರೆ. ಆ ಕೈ ಯಾರದೆಂದು ಸಾಕಣೆಯಲ್ಲಿ ಎಲ್ಲರಿಗೂ ಗೊತ್ತು. ಹೊರಗಿನವರಿಗೂ ಗೊತ್ತಾಗಲಿ ಎಂದು ಇದನ್ನು ಬರೆಯಲು ಕೂತೆ. ಹೊಟ್ಟೆಯುರಿಯಿಂದಲೇ ಕೂತೆ, ಅದರಲ್ಲಿ ಮುಚ್ಚುಮರೆ ಇಲ್ಲ.

ಅವಳ ತುಟಿಯ ಮೇಲೆ ಕೂದಲಿನ ಎಳೆಯೂ ಇಲ್ಲ. ಇಪ್ಪತ್ತೇಳು ವರ್ಷ ಮೀಸೆ ಮೀನಿನ ಮರಿ ಮಾಡಿಸಿದ್ದಕ್ಕೆ ಆ ಹೆಸರು ಅಂಟಿತು. "ಮೀನಿಗೆ ಎಂಟು ಮೀಸೆ, ನನಗೆ ಒಂದೂ ಇಲ್ಲ, ಹೆಸರು ಮಾತ್ರ ನನಗೇ ಬಂತು ನೋಡಿ" ಎಂದು ಹೊಸಬರಿಗೆ ತಾನೇ ಹೇಳಿ ನಗುತ್ತಾಳೆ. ನಗು ಮುಗಿಯುವ ಮೊದಲೇ ಕೆಲಸ ಹೇಳುತ್ತಾಳೆ.

ಕೊಳ ತೋಡುವಾಗ ಮಣ್ಣು ಹೊರಲು ಬಂದವಳು. ಗಂಡ ಬಲೆ ಎಳೆಯುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಪಾಲಿನ ಮಾತನ್ನೂ ಇವಳೇ ಆಡುತ್ತಾಳೆ ಎಂದು ನಾವು ಗೇಲಿ ಮಾಡುತ್ತಿದ್ದೆವು. ಬಂದ ಮೂರನೆಯ ವರ್ಷ ಹೊರಗಿನಿಂದ ಇಬ್ಬರು ಬಂದು ಮೀನಿನ ಮರಿ ಮಾಡಿಸುವುದನ್ನು ನಾಲ್ಕು ದಿನ ಕಲಿಸಿದರು. ಒಳಗೆ ಕುರ್ಚಿಯ ಮೇಲೆ ಎಂಟು ಜನ ಗಂಡಸರು. ಇವಳಿಗೆ ಸಹಿ ಹಾಕಲು ಬರುವುದಿಲ್ಲವೆಂದು ಒಳಗೆ ಬಿಡಲಿಲ್ಲ. ನಾಲ್ಕು ದಿನವೂ ಆ ಕೋಣೆಯ ಕಿಟಕಿಯ ಕೆಳಗಿನ ಜಗಲಿಯನ್ನು ಗುಡಿಸಿದಳು. ಅಷ್ಟು ಸ್ವಚ್ಛವಾದ ಜಗಲಿಯನ್ನು ನಾನು ಮತ್ತೆ ನೋಡಿಲ್ಲ. ಎಂಟು ಜನರಿಗೂ ಪ್ರಮಾಣಪತ್ರ ಸಿಕ್ಕಿತು, ವಾರದೊಳಗೆ ಎಲ್ಲರೂ ಮರೆತರು. ಇವಳು ಬಟ್ಟೆ ಒಗೆಯುವ ಬೇಸಿನ್ನಿನಲ್ಲಿ ಮಾಡಿ ನೋಡಿದಳು. ಮೂರು ಸಲ ಮೊಟ್ಟೆಯೆಲ್ಲ ಬೆಳ್ಳಗಾಗಿ ಕೊಳೆಯಿತು. ನಾಲ್ಕನೆಯ ಸಲ ಬೇಸಿನ್ನಿನ ತಳದಲ್ಲಿ ದಾರದ ತುಂಡಿನಂಥವು ಮಿಸುಕಾಡಿದವು. ಯಾರಾದರೂ ಬೈದಾರೆಂದು ಎರಡು ದಿನ ಬೇಸಿನ್ನಿನ ಮೇಲೆ ಹಲಗೆ ಮುಚ್ಚಿಟ್ಟಿದ್ದಳು.

ಈ ಮೀನಿನ ಬಗ್ಗೆ ಹೇಳದಿದ್ದರೆ ಅವಳ ಸಿಟ್ಟು ಯಾರಿಗೂ ಅರ್ಥವಾಗದು. ಹುರುಪೆ ಇಲ್ಲದ ಕಪ್ಪು ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ಎಂಟು ಮೀಸೆ. ನೋಡಲು ಚಂದವಲ್ಲ. ಆದರೆ ಕಿವಿರಿನ ಜೊತೆಗೆ ನೇರ ಗಾಳಿ ಎಳೆದುಕೊಳ್ಳುವ ಅಂಗವೊಂದು ಅದಕ್ಕಿದೆ. ಕರೆಂಟು ಹೋಗಿ ಪಂಪು ನಿಂತರೆ ಬೇರೆ ಜಾತಿಯವು ಬೆಳಗಾಗುವುದರೊಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಇದು ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಕೆಳಗೆ ಹೋಗುತ್ತದೆ. ಮಳೆ ಹೊಯ್ದ ದಿನ ಪಕ್ಕದ ಮುಳ್ಳನ್ನು ಊರಿಕೊಂಡು ಒದ್ದೆ ನೆಲದ ಮೇಲೆ ಒಂದು ಹೊಂಡದಿಂದ ಇನ್ನೊಂದಕ್ಕೆ ತೆವಳಿ ಹೋಗುವುದನ್ನು ನಾನೇ ಕಂಡಿದ್ದೇನೆ. ಪಂಪು ಬೇಡ, ಹರಿಯುವ ನೀರು ಬೇಡ, ದೊಡ್ಡ ಜಾಗ ಬೇಡ. ಮನೆಯ ಹಿಂದೆ ಬಚ್ಚಲಿನಷ್ಟು ಹೊಂಡವಿದ್ದರೆ ಸಾಕು. ಹುಳ, ಬಸವನಹುಳು, ಅಡುಗೆಮನೆಯಲ್ಲಿ ಉಳಿದದ್ದು ತಿಂದು ಬೆಳೆಯುತ್ತದೆ. ಐಸು ಬೇಡ, ಬುಟ್ಟಿಯಲ್ಲಿ ಜೀವಂತ ಒಯ್ದು ಮಾರಬಹುದು. ಕಾಯಿಲೆ ಬಿದ್ದು ಎದ್ದವರಿಗೆ ಇದನ್ನೇ ಕೊಡಿ ಎನ್ನುತ್ತಾರೆ. ನಮ್ಮ ಸಾಕಣೆಯ ಸುತ್ತ ಹೀಗೆ ಹೊಂಡ ಇಟ್ಟುಕೊಂಡ ಮನೆಗಳು ಅರವತ್ತೆರಡು. ಎಲ್ಲರೂ ಮಳೆ ಶುರುವಾಗುವಾಗ ಮೀಸೆಯಕ್ಕನ ಹತ್ತಿರ ಮರಿಗೆ ಬರುತ್ತಾರೆ.

ತೊಡಕು ಒಂದೇ. ಸಾಕಿದ ಕೊಳದಲ್ಲಿ ಇದು ತಾನಾಗಿ ಮೊಟ್ಟೆ ಇಡುವುದಿಲ್ಲ. ಹೆಣ್ಣಿಗೆ ಸೂಜಿ ಮದ್ದು ಕೊಟ್ಟು, ಹೊಟ್ಟೆ ನೀವಿ ಮೊಟ್ಟೆ ತೆಗೆಯಬೇಕು. ಬೇರೆ ಮೀನುಗಳಲ್ಲಿ ಗಂಡಿನ ಹೊಟ್ಟೆಯನ್ನೂ ಹಾಗೆಯೇ ನೀವಿದರೆ ಹಾಲು, ಎಂದರೆ ವೀರ್ಯ, ಬರುತ್ತದೆ. ಇದರಲ್ಲಿ ಬರುವುದಿಲ್ಲ. ಗಂಡನ್ನು ಕೊಯ್ದು, ಒಳಗಿನ ಬೀಜದ ಚೀಲ ತೆಗೆದು, ಕತ್ತರಿಸಿ, ಉಪ್ಪುನೀರಿನಲ್ಲಿ ಹಿಂಡಿಯೇ ಹಾಲು ತೆಗೆಯಬೇಕು. ಅಂದರೆ ಪ್ರತಿ ಸಲವೂ ಒಂದು ಗಂಡು ಸಾಯಲೇಬೇಕು. ಅದಕ್ಕೇ ಅವಳು ಮೂಲೆಯ ಸಣ್ಣ ಕೊಳದಲ್ಲಿ ಗಂಡುಗಳನ್ನು ಬೇರೆಯಾಗಿ ಸಾಕಿದ್ದಳು. ಬಾಲದ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಗುರುತು ಹಾಕಿ, ವರ್ಷ ವರ್ಷ ಆರಿಸಿ. ಬೇರೆ ಕಡೆಯವರು ತೂಕದ ಆಸೆಗೆ ಹೊರಗಿನ ದೊಡ್ಡ ಜಾತಿಯ ಜೊತೆ ಬೆರೆಸಿ ತಳಿ ಕೆಡಿಸಿಕೊಂಡಿದ್ದಾರೆ; ಆ ಬೆರಕೆ ಮೀನು ಹೊಂಡದಿಂದ ತಪ್ಪಿಸಿಕೊಂಡರೆ ಸುತ್ತಲಿನ ಸಣ್ಣ ಮೀನು, ಕಪ್ಪೆ ಯಾವುದನ್ನೂ ಬಿಡುವುದಿಲ್ಲ. ನಮ್ಮದು ಮಾತ್ರ ಕಲಬೆರಕೆಯಾಗದೆ ಉಳಿದದ್ದು ಇವಳ ಕಣ್ಗಾವಲಿನಿಂದ. ಆ ಮೂಲೆಯ ಕೊಳದಲ್ಲಿ ನಾನು ಹೇಳಹೊರಟ ವರ್ಷ ನಲವತ್ತೊಂದು ಗಂಡುಗಳಿದ್ದವು.

ಯಜಮಾನರಿಗೆ ಮಂಡಿ ನೋವು ಬಂದು ಕೊಳದ ದಂಡೆ ಹತ್ತಲಾಗದೆ ಹೋದಾಗ ಅಳಿಯನನ್ನು ಕರೆಸಿಕೊಂಡರು. ಅವನು ಅದಕ್ಕೆ ಮೊದಲು ಮೊಟ್ಟೆಕೋಳಿ ಸಾಕುತ್ತಿದ್ದವನು. ಬಂದ ಮೂರನೆಯ ದಿನವೇ ಅವನಿಗೆ ಮೊಟ್ಟೆ ಅಳಿಯ ಎಂದು ಹೆಸರು ಬಿತ್ತು. ಸೋಮಾರಿಯಲ್ಲ, ಕಳ್ಳನಲ್ಲ. ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿರುತ್ತಿದ್ದ. ಆದರೆ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಗೌರವ ಕಡಿಮೆಯಾಗುತ್ತದೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರೋ ಏನೋ.

ಮೀಸೆಯಕ್ಕ ತನ್ನ ಅಕ್ಕನ ಕಣ್ಣಿನ ಆಪರೇಷನ್ ಎಂದು ಎರಡು ದಿನ ರಜೆ ಹಾಕಿದ್ದಳು. ಹನ್ನೊಂದು ತಿಂಗಳಲ್ಲಿ ಅದೇ ಮೊದಲ ರಜೆ. ಅವಳು ಬಸ್ಸು ಹತ್ತಿದ ದಿನವೇ ಅಳಿಯ ಪಂಪಿನ ಮನೆಗೆ ಬಂದ.

"ಪಂಪಣ್ಣ, ಆ ಮೂಲೆ ಕೊಳ ಖಾಲಿ ಮಾಡಿ."

"ಅದು ಗಂಡಿನ ಕೊಳ. ಮೀಸೆಯಕ್ಕ ನಾಡಿದ್ದು ಬರ್ತಾಳೆ, ಬಂದ ಮೇಲೆ ನೋಡೋಣ."

"ಗಂಡಿನ ಕೊಳ ಅಂತ ಗೊತ್ತಿದ್ದೇ ಹೇಳ್ತಿರೋದು. ಮೊಟ್ಟೆ ಇಡೋದು ಯಾವುದು?"

"ಹೆಣ್ಣು."

"ಮತ್ತೆ ಇವಕ್ಕೆ ವರ್ಷಗಟ್ಟಲೆ ಕೂಳು ಹಾಕಿ ಏನು ಸಾಧಿಸ್ತೀರ? ನಮ್ಮ ಫಾರಮ್ಮಲ್ಲಿ ಹನ್ನೊಂದು ಸಾವಿರ ಕೋಳಿ ಇತ್ತು, ಒಂದೇ ಒಂದು ಹುಂಜ ಇರಲಿಲ್ಲ. ದಿನಾ ಮೊಟ್ಟೆ ಬರ್ತಿತ್ತು."

ಆ ಮೊಟ್ಟೆಯಿಂದ ಮರಿ ಬರುತ್ತಿತ್ತೇ ಎಂದು ನಾನು ಆಗ ಕೇಳಬೇಕಿತ್ತು. ಆ ಪ್ರಶ್ನೆ ನನಗೆ ಹೊಳೆದದ್ದು ಮಾರನೆಯ ದಿನ, ಮೈಗೆ ನೀರು ಹಾಕಿಕೊಳ್ಳುವಾಗ. ಹೇಳಿದ ಕೂಡಲೇ ಪಂಪು ಚಾಲು ಮಾಡಿದ ಕೈ ನನ್ನದೇ. ಫೋನು ಜೇಬಿನಲ್ಲಿತ್ತು, ಅವಳಿಗೆ ಒಂದು ಮಾತು ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂಲೆಯ ಕೊಳದಲ್ಲಿ ಕೆಸರು ಕಂಡಿತು, ಸಂಜೆಗೆ ಪೇಟೆಯ ಗಾಡಿ ಬಂತು. ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ, ಅದನ್ನೂ ಬರೆದಿಡುತ್ತೇನೆ.

ಮೂರನೆಯ ದಿನ ಬೆಳಿಗ್ಗೆ ಅವಳು ಬಂದಳು. ಮೊದಲು ಮೂಲೆಯ ಕೊಳಕ್ಕೆ ಹೋಗಿ ಕೂಳು ಹಾಕುವುದು ರೂಢಿ. ದಂಡೆಯ ಮೇಲೆ ಡಬ್ಬ ಹಿಡಿದು ನಿಂತವಳು ಕದಲಲಿಲ್ಲ. ಕೆಸರು ಬಿಸಿಲಿಗೆ ಬಿರಿಯಲು ಶುರುವಾಗಿತ್ತು. ಆಮೇಲೆ ನನ್ನ ಹತ್ತಿರ ಬಂದಳು. ಕೂಗಾಡುತ್ತಾಳೆ ಎಂದು ನಾನು ಮೈ ಹಿಡಿ ಮಾಡಿಕೊಂಡು ನಿಂತೆ. ಅವಳ ದನಿ ಬಾವಿಯ ತಳದಿಂದ ಬಂದಂತಿತ್ತು.

"ಪಂಪು ಯಾರು ಹಾಕಿದ್ದು?"

"ನಾನೇ ತಂಗಿ."

"ನಿಮಗೆ ಗೊತ್ತಿತ್ತಲ್ಲ ಅಣ್ಣ. ಅವನಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು."

ಅದಕ್ಕಿಂತ ಅವಳು ನನ್ನ ಕೆನ್ನೆಗೆ ಬಾರಿಸಿದ್ದರೆ ಹಗುರವಾಗುತ್ತಿತ್ತು.

ಅಳಿಯನಿಗೆ ಹೋಗಿ ಹೇಳಿದಳು. ಆಫೀಸಿನ ಬಾಗಿಲಿನಲ್ಲಿ ನಿಂತೇ ಹೇಳಿದಳು: ಗಂಡಿಲ್ಲದೆ ಈ ವರ್ಷ ಮರಿ ಇಲ್ಲ, ಗಂಡನ್ನು ಹೊರಗಿನಿಂದ ತಂದರೆ ತಳಿ ಬೆರಕೆಯಾಗುತ್ತದೆ, ಅಲ್ಲಿಗೆ ಇಷ್ಟು ವರ್ಷದ ದುಡಿಮೆ ನೀರಿಗೆ ಹಾಕಿದಂತೆ. ಅವನು ಒಂದು ಕ್ಷಣ ಬಿಳಿಚಿಕೊಂಡ. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ, "ಅದಕ್ಕೇನಮ್ಮ, ದೊಡ್ಡ ಜಾತಿ ಮರಿ ತರಿಸೋಣ. ಆರು ತಿಂಗಳಿಗೆ ಕಿಲೋ ತೂಗುತ್ತಂತೆ. ನಾನೂ ಅದನ್ನೇ ಯೋಚಿಸ್ತಿದ್ದೆ" ಅಂದ. ಆಗಷ್ಟೇ ಹುಟ್ಟಿದ ಯೋಚನೆ ಅದು. ಮಾಡಿದ ತಪ್ಪನ್ನು ಯೋಜನೆ ಎಂದು ಕರೆಯುವವರನ್ನು ಕಂಡರೆ ನನ್ನ ಮೈಯೆಲ್ಲ ಕಾದ ಹೆಂಚಾಗುತ್ತದೆ.

ಅವಳು ಅಲ್ಲಿಂದ ಸೀದಾ ಪೇಟೆಗೆ ಹೊರಟಳು. ಅವಳು ಕರೆಯದೆಯೇ ನಾನೂ ಹಿಂದೆ ಹೋದೆ. ಈ ಮೀನು ಟಬ್ಬಿನಲ್ಲಿ ನಾಲ್ಕು ಬೆರಳು ನೀರಿದ್ದರೂ ದಿನಗಟ್ಟಲೆ ಬದುಕುತ್ತದೆ; ಅದೊಂದೇ ಆಸೆ. ಮೀನಿನ ಸಾಲಿನಲ್ಲಿ ಒಂದೊಂದೇ ಟಬ್ಬಿಗೆ ಕೈ ಹಾಕಿ, ಮೀನಿನ ಬಾಲ ನೋಡಿ ಬಿಡುತ್ತ ಹೋದಳು. ಕೊನೆಯಲ್ಲಿ ಹಲ್ಲಿಲ್ಲದ ಒಬ್ಬ ಮುದುಕಿ ಕೂತಿದ್ದಳು. ನಮ್ಮ ಗಾಡಿಯ ಮೀನು ಇಳಿದದ್ದು ಅವಳ ಹತ್ತಿರ.

"ಮೊನ್ನೆ ನಮ್ಮಲ್ಲಿಂದ ಬಂದ ಮೀನು ಎಲ್ಲಜ್ಜಿ?"

"ಊರಿನ ಹೊಟ್ಟೇಲಿ. ಒಳ್ಳೆ ಮೀನು ಕಣೆ. ಹೀಗೆ ಬಂತು, ಹಾಗೆ ಹೋಯ್ತು. ಇನ್ನೂ ಇದ್ರೆ ಕಳಿಸು."

"ಒಂದೂ ಉಳಿದಿಲ್ವಾ?"

"ಒಂದಿದೆ, ಮೂತಿ ಒಡ್ಕೊಂಡಿದೆ. ಯಾರೂ ಮುಟ್ಟಲಿಲ್ಲ. ನನ್ನ ಬೆಕ್ಕಿಗೆ ಅಂತ ಇಟ್ಟಿದ್ದೆ."

ಬೆಂಚಿನ ಕೆಳಗಿನ ಬಕೆಟ್ಟಿನಿಂದ ತೆಗೆದು ಕೊಟ್ಟಳು. ಮೂತಿಯ ಚರ್ಮ ಸುಲಿದು ಕೆಂಪಾಗಿತ್ತು. ಮೀಸೆಯಕ್ಕ ಅದನ್ನು ಅಂಗೈ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಕೊನೆ ನೋಡಿದಳು. ಹೆಣ್ಣಿಗೆ ಅಲ್ಲಿ ಗುಂಡಗಿರುತ್ತದೆ, ಗಂಡಿಗೆ ಚೂಪಾದ ಸಣ್ಣ ಮೊನೆ ಇರುತ್ತದೆ. ಆಮೇಲೆ ಬಾಲದ ಅಂಚಿನ ಗುರುತು ನೋಡಿದಳು.

"ನಮ್ಮದೇ."

"ಕಳೆದುಹೋದ ಮಗ ಸಿಕ್ಕ ಹಾಗೆ ನೋಡ್ತೀಯಲ್ಲೇ. ತಗೊಂಡು ಹೋಗು. ಬೆಕ್ಕಿಗೆ ನಾನೇ ಹೇಳ್ಕೋತೀನಿ."

ನಲವತ್ತೊಂದರಲ್ಲಿ ಒಂದು. ಬಸ್ಸಿನಲ್ಲಿ ಒದ್ದೆ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದಳು. ದಾರಿಯುದ್ದಕ್ಕೂ ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿದ್ದಳು.

ಹನ್ನೆರಡು ದಿನ ಅದನ್ನು ಸಿಮೆಂಟು ತೊಟ್ಟಿಯಲ್ಲಿಟ್ಟು ಆರೈಕೆ ಮಾಡಿದಳು. ತೊಟ್ಟಿಯ ಮೇಲೆ ಜಾಲರಿ, ಜಾಲರಿಯ ಮೇಲೆ ಕಲ್ಲು, ಕಲ್ಲಿನ ಪಕ್ಕ ಅವಳ ಕುರ್ಚಿ. ಗಾಯಕ್ಕೆ ಉಪ್ಪುನೀರು, ಹೊಟ್ಟೆಗೆ ಹೆಚ್ಚಿದ ಎರೆಹುಳ. ಆ ಮೀನನ್ನು ಸಾಕುತ್ತಿದ್ದದ್ದು ಕೊಯ್ಯಲೆಂದೇ. ಇದೊಂದನ್ನು ಕೊಯ್ದು ಕೆಲಸ ಕೈಗೂಡಿದರೆ ತಳಿ ಉಳಿಯಿತು, ಕೈತಪ್ಪಿದರೆ ಇನ್ನೊಂದು ಗಂಡು ಈ ಲೋಕದಲ್ಲಿ ಎಲ್ಲಿಯೂ ಇಲ್ಲ. ಅವಳ ನಾದಿನಿ, ಅಂದರೆ ಗಂಡನ ತಂಗಿ, ನಮ್ಮಲ್ಲೇ ಕೂಳಿನ ಗೋದಾಮಿನಲ್ಲಿ ಕೆಲಸಕ್ಕಿದ್ದಳು. ಆ ದಿನಗಳಲ್ಲಿ ಕೈ ಸಹಾಯಕ್ಕೆ ಅವಳನ್ನು ಕರೆದುಕೊಂಡಳು.

"ಅತ್ತಿಗೆ, ನನ್ನ ಅಣ್ಣನಿಗೆ ಜ್ವರ ಬಂದಾಗಲೂ ನೀವು ಹೀಗೆ ಪಕ್ಕದಲ್ಲಿ ಕೂತಿರಲಿಲ್ಲ."

"ನಿನ್ನ ಅಣ್ಣನಂಥವರು ಪೇಟೇಲಿ ಸಿಗ್ತಾರೆ. ಹುಳ ಹೆಚ್ಚು, ಬಾಯಿ ಮುಚ್ಚು."

ಹದಿಮೂರನೆಯ ಸಂಜೆ ಐದಕ್ಕೆ ಮೂರು ಹೆಣ್ಣುಗಳಿಗೆ ಸೂಜಿ ಮದ್ದು ಕೊಟ್ಟಳು. ಮರುದಿನ ಹತ್ತು ಗಂಟೆಗೆ ಮೊಟ್ಟೆ ತೆಗೆಯುವ ಹೊತ್ತು. ಮರಿಮನೆ ಎಂದರೆ ತಗಡಿನ ಮಾಡು, ಒಂದು ಕಲ್ಲಿನ ಕಟ್ಟೆ, ನೀರು ಹರಿಯುವ ಉದ್ದನೆಯ ತೊಟ್ಟಿಯಲ್ಲಿ ಆರು ಟ್ರೇ. ಕಟ್ಟೆಯ ಮೇಲೆ ಬಿಳಿ ಪಿಂಗಾಣಿ ಬಟ್ಟಲು, ಕೋಳಿ ಪುಕ್ಕ, ಕತ್ತರಿ. ಎಲ್ಲವೂ ಒಣಗಿದ್ದು. ಅವಳ ಅಲ್ಲಿನ ಕಟ್ಟಳೆ ಅದೊಂದೇ: ಬಟ್ಟಲಿಗೆ ಒಂದು ಹನಿ ಸಪ್ಪೆ ನೀರು ಬೀಳಬಾರದು. ನೀರು ತಾಕಿದ ಮೊಟ್ಟೆಯ ಸೂಜಿಮೊನೆಯಷ್ಟು ಬಾಯಿ ನಿಮಿಷದೊಳಗೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಗಂಡಿನ ಹಾಲು ಸುರಿದರೂ ಬಂಡೆಯ ಮೇಲೆ ಸುರಿದಂತೆ. ಮೊದಲು ಒಣ ಬಟ್ಟಲಿನಲ್ಲಿ ಎರಡನ್ನೂ ಪುಕ್ಕದಿಂದ ಕಲಸಬೇಕು, ನೀರು ಕೊನೆಗೆ. ಕಿಟಕಿಯಾಚೆ ನಿಂತು ಕಲಿಯುವಾಗ ಈ ಒಂದು ಮಾತು ಅವಳಿಗೆ ಕೇಳಿಸಿರಲಿಲ್ಲ. ಮೂರು ಸಲ ಬೆಳ್ಳಗಾದ ಮೊಟ್ಟೆಗಳು ಅದನ್ನು ಕಲಿಸಿದ್ದವು.

ಮೂತಿ ಒಡೆದ ಗಂಡನ್ನು ಒರೆಸಿ ಕೊಯ್ದಳು. ಬೀಜದ ಚೀಲ ಎರಡೂ ಸಣ್ಣವು, ಆದರೆ ಹಾಲುಬಿಳುಪು. ಅಂದರೆ ಬಲಿತಿವೆ. ಎರಡನ್ನೂ ಕತ್ತರಿಸಿ, ಉಪ್ಪುನೀರು ಸೇರಿಸಿ ಬಟ್ಟೆಯಲ್ಲಿ ಹಿಂಡಿ, ಸಣ್ಣ ಲೋಟದಲ್ಲಿಟ್ಟಳು. ನಾದಿನಿ ಹೆಣ್ಣುಗಳನ್ನು ಒರೆಸಿ ಒಂದೊಂದಾಗಿ ಕೊಟ್ಟಳು. ಹೊಟ್ಟೆ ನೀವಿದಂತೆ ಜೇನಿನ ಬಣ್ಣದ ಮೊಟ್ಟೆ ಸರಸರನೆ ಬಟ್ಟಲಿಗೆ ಇಳಿಯಿತು.

ಅಷ್ಟರಲ್ಲಿ ಬಾಗಿಲಿನಲ್ಲಿ ಅಳಿಯ. ಹಿಂದೆ ನಾಲ್ಕು ಜನ ಅತಿಥಿಗಳು. ಮರಿ ಕೊಳ್ಳುವ ದೊಡ್ಡ ಗಿರಾಕಿಗಳಂತೆ. ನಮ್ಮ ಕೆಲಸ ತೋರಿಸುತ್ತೇನೆ ಎಂದು ಕರೆತಂದಿದ್ದ. ಗಂಡುಗಳನ್ನು ಮಾರಿದವನಿಗೆ ಆ ದಿನ ಮರಿ ಮಾಡಿಸುವವನಾಗಿ ಕಾಣುವ ಆಸೆ. ಶುಚಿ ತೋರಿಸಲೆಂದು ಬಾಗಿಲ ಬಳಿಯ ನಲ್ಲಿಯಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದ. ಒರೆಸಲಿಲ್ಲ. ಎಡಗೈಯಲ್ಲಿ ಫೋನು ಹಿಡಿದು ಕಟ್ಟೆಯ ಹತ್ತಿರ ಬಂದ.

"ಕೊಡಿ ಇಲ್ಲಿ ಬಟ್ಟಲು. ಒಂದು ಫೋಟೋ ತೆಗೀತೀನಿ."

"ದೂರ ನಿಲ್ಲಿ. ಕೈ ಒದ್ದೆ ಇದೆ."

"ತೊಳೆದ ಕೈಯಮ್ಮ ಇದು. ನಿಮ್ಮದಕ್ಕಿಂತ ಚೊಕ್ಕ."

ಅತಿಥಿಗಳು ನಕ್ಕರು. ನಗು ಕೇಳಿ ಅವನಿಗೆ ಹುರುಪು ಬಂತು. ಬಟ್ಟಲಿನ ಮೇಲೆ ಕೈ ಚಾಚಿದ. ಮೊಣಕೈಯ ತುದಿಯಲ್ಲಿ ಒಂದು ಹನಿ ತೂಗಾಡುತ್ತಿದ್ದದ್ದು ಬಾಗಿಲಲ್ಲಿದ್ದ ನನಗೂ ಕಂಡಿತು.

ಮೀಸೆಯಕ್ಕನ ಎರಡು ಕೈಯಲ್ಲೂ ಕೆಲಸವಿತ್ತು. ಬಟ್ಟಲನ್ನು ಎದೆಗೆ ಒತ್ತಿಕೊಂಡು, ತಿರುಗಿ, ಇಡೀ ಮೈ ಭಾರ ಹಾಕಿ ಭುಜದಿಂದ ಅವನ ಎದೆಗೆ ಗುದ್ದಿದಳು. ಮಣ್ಣು ಹೊತ್ತ ಭುಜ ಅದು. ಅವನು ಹಿಂದಕ್ಕೆ ಹೋಗಿ ನೀರಿನ ತೊಟ್ಟಿಯಲ್ಲಿ ಕುಕ್ಕರಿಸಿದ. ಫೋನು ಅವನಿಗಿಂತ ಮೊದಲೇ ಮುಳುಗಿತ್ತು.

ಅವಳು ಅತ್ತ ಕಣ್ಣೂ ಹಾಯಿಸಲಿಲ್ಲ. ಲೋಟದ ಹಾಲನ್ನು ಮೊಟ್ಟೆಯ ಮೇಲೆ ಸುರಿದಳು, ಪುಕ್ಕದಿಂದ ಸುತ್ತ ಕಲಸಿದಳು, ಆಮೇಲೆ ನೀರು ಹಾಕಿದಳು, ತುಟಿಯಲ್ಲೇ ಅರವತ್ತರವರೆಗೆ ಎಣಿಸಿದಳು. ಹೆಚ್ಚುಳಿದದ್ದನ್ನು ತೊಳೆದು, ಮೊಟ್ಟೆಯನ್ನು ಟ್ರೇಗಳ ಮೇಲೆ ತೆಳ್ಳಗೆ ಹರಡಿದಳು. ಅಳಿಯ ಕೂತಿದ್ದ ಕಡೆ ಬಂದಾಗ ಮಾತ್ರ, "ಏಳಿ, ಇಲ್ಲಿ ಟ್ರೇ ಇಡಬೇಕು" ಅಂದಳು.

ಮಧ್ಯಾಹ್ನ ಯಜಮಾನರು ಅವಳನ್ನು ಕರೆಸಿದರು. ಅತಿಥಿಗಳ ಎದುರು ಮನೆಯ ಅಳಿಯನ ಮೇಲೆ ಕೈ ಮಾಡಿದವಳನ್ನು ಇಟ್ಟುಕೊಳ್ಳಲಾಗದು ಎಂದರು. "ಕೈ ಮಾಡಲಿಲ್ಲ, ಕೈ ಎರಡೂ ತುಂಬಿದ್ದವು" ಎಂದಳು ಅವಳು. ಅಷ್ಟೇ. ಕ್ಷಮೆ ಕೇಳು ಎಂದದ್ದಕ್ಕೆ ತಲೆ ಅಲ್ಲಾಡಿಸಿ ಹೊರಟಳು. ಗೇಟಿನವನಿಗೆ ಅವಳನ್ನು ಒಳಗೆ ಬಿಡಬಾರದೆಂದು ಅಪ್ಪಣೆಯಾಯಿತು. ಅಷ್ಟು ವರ್ಷ ದುಡಿದವಳನ್ನು ಕಳಿಸಲು ಒಂದು ಲೋಟ ಟೀ ತಣ್ಣಗಾಗುವಷ್ಟೂ ಹೊತ್ತು ಬೇಕಾಗಲಿಲ್ಲ.

ಮೊಟ್ಟೆ ಮಾತ್ರ ಯಾರ ಅಪ್ಪಣೆಗೂ ಕಾಯುವುದಿಲ್ಲ. ಸಂಜೆಗೆ ಗಂಡಿನ ಹಾಲು ಕೂಡದ ಮೊಟ್ಟೆಗಳು ಬೆಳ್ಳಗಾಗತೊಡಗಿದವು. ಅವನ್ನು ಒಂದೊಂದೇ ಹೀರಿ ತೆಗೆಯದಿದ್ದರೆ ಹತ್ತಿಯಂಥ ಬೂಷ್ಟು ಎದ್ದು ಒಳ್ಳೆಯ ಮೊಟ್ಟೆಯನ್ನೂ ಸುತ್ತಿಕೊಳ್ಳುತ್ತದೆ. ನಾದಿನಿ ಟ್ರೇ ನೋಡಿ ಅಳುವುದೊಂದು ಬಾಕಿ. ನನ್ನ ಫೋನು ತೆಗೆದು ಮೀಸೆಯಕ್ಕನಿಗೆ ಹಚ್ಚಿ, ತೊಟ್ಟಿಯ ಅಂಚಿನ ಮೇಲೆ ಸ್ಪೀಕರಿಗೆ ಹಾಕಿಟ್ಟೆ. ಈ ಸಲ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

"ಅತ್ತಿಗೆ, ಎಷ್ಟೊಂದು ಬೆಳ್ಳಗಾಗಿದೆ."

"ಎಷ್ಟು? ಕಣ್ಣಿಲ್ವಾ ನಿನಗೆ? ಹತ್ತರಲ್ಲಿ ಎಷ್ಟು?"

"ನಾಲ್ಕು. ಒಂದೊಂದು ಕಡೆ ಐದು."

"ಹಾಗಾದ್ರೆ ಐದಾರು ಉಳಿದಿದೆ. ಪಿಚಕಾರಿ ತಗೋ, ಬೆಳ್ಳಗಿರೋದನ್ನ ಹೀರು. ಟ್ರೇ ಅಲ್ಲಾಡಿಸಬೇಡ. ಅಲ್ಲಾಡಿಸಿದೆ ನೀನು, ನನಗೆ ನೀರಿನ ಸದ್ದು ಕೇಳ್ತು. ಕತ್ತೆ."

"ಬೈಬೇಡಿ ಅತ್ತಿಗೆ, ಹೇಳಿ."

"ಬೈಯೋದು ನನಗೆ, ಮಾಡೋದು ನಿನಗೆ. ಮಾಡು."

ಮರುದಿನ ಮಧ್ಯಾಹ್ನಕ್ಕೆ ಮರಿ ಒಡೆದವು. ನಾಲ್ಕು ದಿನ ಹೊಟ್ಟೆಯ ಹಳದಿಯ ಮೇಲೆ ಬದುಕಿದವು, ಐದನೆಯ ದಿನಕ್ಕೆ ಕೂಳು ಬೇಕಾಯಿತು. ಪ್ರತಿಯೊಂದಕ್ಕೂ ಆ ಬೈಗುಳದ ಫೋನೇ ಆಸರೆ. ಮರಿಮನೆಯಲ್ಲಿ ಹೆಂಗಸಿಲ್ಲದೆ ಹೆಂಗಸಿನ ಗದರು ಕೇಳುತ್ತದೆಂದು ಕೂಲಿಯವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಎಂಟನೆಯ ದಿನ ಮರಿಗಳಲ್ಲಿ ಸಣ್ಣದು ದೊಡ್ಡದು ಭೇದ ಕಂಡಿತು. ಆಗ ಗಾತ್ರ ನೋಡಿ ಬೇರೆ ಮಾಡದಿದ್ದರೆ ದೊಡ್ಡವು ಒಡಹುಟ್ಟಿದವನ್ನೇ ನುಂಗುತ್ತವೆ. ಅದನ್ನು ಫೋನಿನಲ್ಲಿ ಹೇಳಿಕೊಡಲಾಗುವುದಿಲ್ಲ. ಅದು ಕಣ್ಣು ಮಾಡುವ ಕೆಲಸ. ನಾದಿನಿ ಎರಡು ಸಲ ತಪ್ಪು ಮಾಡಿದಳು, ಎರಡು ಸಲವೂ ಟ್ರೇಯಲ್ಲಿ ಬಾಲಗಳಷ್ಟೇ ಉಳಿದವು.

ಯಜಮಾನರು ಕೋಲೂರಿಕೊಂಡು ಬಂದದ್ದು ಆ ಹೊತ್ತಿಗೆ. ಜೊತೆಗೆ ಅಳಿಯ. ಫೋನಿನಿಂದ ಅವಳ ದನಿ ಬರುತ್ತಲೇ ಇತ್ತು: "ನುಂಗಿದ್ದು ಯಾವುದು ಅಂತ ನೋಡು, ಹೊಟ್ಟೆ ಉಬ್ಬಿರುತ್ತೆ. ನಿಮ್ಮ ಮೊಟ್ಟೆ ಅಳಿಯನ ಹಾಗೆ." ನಾದಿನಿ ಫೋನು ಮುಚ್ಚಲು ಹೋದಳು. ಯಜಮಾನರು ಕೋಲು ಅಡ್ಡ ಹಿಡಿದು ತಾವೇ ಬಾಗಿ ಮಾತಾಡಿದರು.

"ಬಾಮ್ಮ ನೀನು."

"ಕೆಲಸಕ್ಕೆ ಕರೀತಿದ್ದೀರೋ, ಮರಿಗೆ ಕರೀತಿದ್ದೀರೋ?"

"ಎರಡಕ್ಕೂ."

"ಮರಿಗೆ ಬರ್ತೀನಿ."

ಅಳಿಯ ಫೋನಿನ ಹತ್ತಿರ ಬಂದು, "ನನಗೆ ಗೊತ್ತಿರಲಿಲ್ಲಮ್ಮ" ಎಂದ.

"ಅದು ನನಗೂ ಗೊತ್ತು. ಕೇಳೋದಕ್ಕೆ ಬಾಯಿತ್ತಲ್ಲ" ಎಂದು ಅವಳು ಫೋನಿಟ್ಟಳು. ಅರ್ಧ ಗಂಟೆಯಲ್ಲಿ ಗೇಟಿನಲ್ಲಿದ್ದಳು. ಟ್ರೇಗಳ ಮೇಲೆ ಬಾಗಿದವಳು ಸಂಜೆಯವರೆಗೆ ತಲೆ ಎತ್ತಲಿಲ್ಲ.

ಮೂರು ಸಾವಿರದ ಚಿಲ್ಲರೆ ಮರಿ ಉಳಿದವು. ಬೇರೆ ವರ್ಷಗಳಲ್ಲಿ ಲಕ್ಷ ಕಂಡವಳಿಗೆ ಇದು ಏನೂ ಅಲ್ಲ. ಅಷ್ಟನ್ನೂ ತಳಿಗೆಂದೇ ಉಳಿಸಿಕೊಂಡಳು. ಅರವತ್ತೆರಡು ಮನೆಯವರೂ ಆ ವರ್ಷ ಬರಿಗೈಯಲ್ಲಿ ಹಿಂದಿರುಗಿದರು. ಕೆಲವರು ಬೈದರು, ಬೈದದ್ದು ಅವಳನ್ನೇ. ಗೇಟಿನ ಹೊರಗಿನವರಿಗೆ ಕಾಣುವುದು ಅವಳ ಮುಖವೊಂದೇ ತಾನೆ. ಅಳಿಯ ಆಫೀಸಿನ ಕಿಟಕಿ ಮುಚ್ಚಿಕೊಂಡಿದ್ದ. ಅವಳು ಯಾರ ಹೆಸರನ್ನೂ ಹೇಳಲಿಲ್ಲ. "ಮುಂದಿನ ವರ್ಷ" ಎಂದು ಅರವತ್ತೆರಡು ಸಲ ಹೇಳಿದಳು.

ಮರಿ ಗಂಡೋ ಹೆಣ್ಣೋ ಎಂದು ತಿಳಿಯಲು ವರ್ಷ ಹಿಡಿಯುತ್ತದೆ. ಮರುವರ್ಷ ಮಳೆಗೆ ಮುಂಚೆ ಬಲೆ ಎಳೆಸಿ, ಒಂದೊಂದನ್ನೇ ಅಂಗಾತ ಮಾಡಿ ನೋಡಿ ಆರಿಸಿದಳು. ಮೂರು ದಿನದ ಕೆಲಸ. ಪಕ್ಕದ ಮುಳ್ಳು ಚುಚ್ಚಿ ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಬೆಳೆಯುವಾಗ ಅರ್ಧಕ್ಕರ್ಧ ಸತ್ತು ಉಳಿದವುಗಳಲ್ಲಿ, ಒಳ್ಳೆಯ ಮೈಕಟ್ಟಿನ ಗಂಡುಗಳನ್ನು ನೂರಾ ಅರವತ್ತು ಆರಿಸಿದಳು. ಅರವತ್ತನ್ನು ಮೂಲೆಯ ಕೊಳಕ್ಕೆ ಬಿಟ್ಟಳು. ನೂರನ್ನು ಮುಚ್ಚಳವಿರುವ ಹತ್ತು ಡ್ರಮ್ಮಿಗೆ ತುಂಬಿಸಿ, ನನ್ನನ್ನು ಕರೆದು ಗಾಡಿಗೆ ಏರಿಸಿದಳು.

ಗೇಟಿನ ಹತ್ತಿರ ಯಜಮಾನರು ಕುರ್ಚಿ ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ಅಳಿಯ.

"ಏನಮ್ಮ ಅದು? ಎಲ್ಲಿಗೆ?"

"ಹೊಂಡದವರ ಮನೆಗೆ. ಹತ್ತು ಮನೆಗೆ ಹತ್ತು ಹತ್ತು ಗಂಡು. ಅವರ ಹತ್ತಿರ ಬೆಳೀಲಿ. ಬೇಕಾದಾಗ ತರಿಸ್ಕೋತೀನಿ."

"ನನ್ನ ಮೀನನ್ನ ನನ್ನ ಕೇಳದೆ ಹೊರಗೆ ಕಳಿಸ್ತೀಯಾ?"

"ನಿಮ್ಮ ಮೀನನ್ನ ನೀವು ಮಾರಿದ್ರಿ ಯಜಮಾನ್ರೇ. ನಲವತ್ತೊಂದೂ. ಇವು ಬೆಕ್ಕಿಗೆ ಅಂತ ಇಟ್ಟಿದ್ದ ಮೀನಿನ ಮಕ್ಕಳು."

ಯಜಮಾನರು ಅಳಿಯನ ಕಡೆ ನೋಡಿದರು. ಅವನು ಚಪ್ಪಲಿ ನೋಡುತ್ತಿದ್ದ.

"ಒಂದೇ ಕೊಳ, ಒಂದೇ ಬೀಗ, ಒಂದೇ ಪಂಪು ಇದ್ರೆ, ಯಾರಾದ್ರೂ ಒಬ್ಬರು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡಬಹುದು" ಎಂದಳು. "ಇನ್ನು ಮೇಲೆ ಹನ್ನೊಂದು ಕಡೆ ಹೋಗಿ ಮುಗಿಸಬೇಕು. ಅಷ್ಟು ಓಡಾಡೋ ಮೂರ್ಖ ಇನ್ನೂ ಹುಟ್ಟಿಲ್ಲ. ಬೇಡ ಅಂತೀರಾದ್ರೆ ಈಗಲೇ ಹೇಳಿ, ಡ್ರಮ್ಮು ಇಳಿಸಿ ನಾನೂ ಇಳೀತೀನಿ. ಈ ಸಲ ಫೋನಲ್ಲಿ ಬೈಯೋಕೂ ಸಿಗಲ್ಲ."

ಡ್ರಮ್ಮುಗಳ ಒಳಗೆ ಮೀನು ಮುಚ್ಚಳ ಬಡಿಯುತ್ತಿದ್ದವು. ಕೊನೆಗೆ ಯಜಮಾನರು ಕೋಲಿನಿಂದ ಗೇಟಿನವನಿಗೆ ಸನ್ನೆ ಮಾಡಿದರು. ಗೇಟು ತೆರೆಯಿತು. ಅವಳು ಧನ್ಯವಾದ ಹೇಳಲಿಲ್ಲ, ಹೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮೊದಲ ಮನೆ ಇಟ್ಟಿಗೆ ಗೂಡಿನ ಪಕ್ಕದ್ದು. ಹೋದ ವರ್ಷ ಎಲ್ಲರಿಗಿಂತ ಜೋರಾಗಿ ಬೈದಿದ್ದ ಬಡಗಿ ಅಲ್ಲಿರುವುದು. ಹೊಂಡವನ್ನು ಚೊಕ್ಕವಾಗಿ ಇಟ್ಟುಕೊಂಡಿದ್ದ, ಅದಕ್ಕೇ ಅವನನ್ನು ಆರಿಸಿದ್ದಳು. ಹತ್ತು ಗಂಡುಗಳನ್ನು ನೀರಿಗೆ ಬಿಟ್ಟು, ಬಾಲದ ಗುರುತು ತೋರಿಸಿ, ಇವು ನಿನ್ನವಲ್ಲ, ನನ್ನವೂ ಅಲ್ಲ, ಎಲ್ಲರ ಮರಿಗೆ ಬೇಕಾದವು ಎಂದು ಹೇಳಿದಳು. ಅವನು ತಲೆಯಾಡಿಸಿ, ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮೀನುಗಳನ್ನೇ ನೋಡಿದ.

"ಒಳ್ಳೆ ದಪ್ಪ ಇದಾವಕ್ಕ. ತಿನ್ನೋಕೆ ಯಾವಾಗ ಬರ್ತವೆ?"

"ಒಂದನ್ನ ಮುಟ್ಟಿ ನೋಡು. ನಿನ್ನನ್ನ ನಾನು ತಿಂತೀನಿ."

ಹಾಗೆಂದು ಗಾಡಿ ಹತ್ತಿ, ಎರಡನೆಯ ಮನೆಗೆ ನಡೆಯಿರಿ ಎಂದಳು.